ನಂಜು ಅಂದವಳು

ನಮ್ಮೂರಿನಲ್ಲಿ ಗಂಜಿಯನ್ನು ಪಾಯಸವೆಂದು ಕರೆದರೆ ಅದು ಪಾಯಸದಂತೆಯೇ ರುಚಿಸುತ್ತದೆ. ಕರೆಯುವವರ ದನಿಯಲ್ಲಿ ಅನುಮಾನ ಇರಬಾರದು, ಜೊತೆಗೆ ಕೂತು ಉಣ್ಣುವವರು ಹೂಂಗುಟ್ಟಬೇಕು, ಅಷ್ಟೇ. ಒಳಗೆ ಹೋಗುವುದು ಮಾತ್ರ ಗಂಜಿಯೇ. ಅದು ಹೊಟ್ಟೆಗೆ ಗೊತ್ತಾಗುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನವನು ಬಿಸಿನೀರಿನಂಥ ಕಾಫಿಯನ್ನು ಲೋಟಕ್ಕೆ ಸುರಿಯುತ್ತಾ "ಇಗೋ ಗಟ್ಟಿ ಡಿಕಾಕ್ಷನ್ನು" ಎಂದು ಕೂಗುತ್ತಾನೆ. ಕುಡಿದವರು ತುಟಿ ನೆಕ್ಕಿಕೊಂಡು ಬಸ್ಸು ಹತ್ತುತ್ತಾರೆ. ಅತ್ತೆಯಾದವಳು ಸಿಟ್ಟಿನಲ್ಲಿ "ಇದೇನು ಕಲಗಚ್ಚು" ಅಂದುಬಿಟ್ಟರೆ ಆ ದಿನದ ಸಾರನ್ನು ಎಮ್ಮೆಯ ಬಾನಿಗೇ ಸುರಿಯಬೇಕು. ಹಾಗಾಗಿ ನಮ್ಮೂರ ಅಡುಗೆಮನೆಗಳಲ್ಲಿ ಜಗಳ ಕಡಿಮೆ, ಮಾತು ಜಾಸ್ತಿ. ಬೆಳಗೆದ್ದಾಗಿನಿಂದ ಮಲಗುವತನಕ ಯಾರಾದರೊಬ್ಬರು ಯಾವುದಾದರೊಂದಕ್ಕೆ ಒಳ್ಳೆಯ ಹೆಸರು ಹೇಳುತ್ತಲೇ ಇರುತ್ತಾರೆ.

ಒಂದೇ ಒಂದು ಮಾತನ್ನು ಮಾತ್ರ ತಿನ್ನುವ, ಕುಡಿಯುವ ವಸ್ತುವಿನ ಹತ್ತಿರ ಆಡುತ್ತಿರಲಿಲ್ಲ. ನಂಜು. ಆ ಮಾತು ಬಿದ್ದ ಪಾತ್ರೆಯ ಕಹಿ ಹುಣಸೆಹಣ್ಣು ಹಚ್ಚಿ ಉಜ್ಜಿದರೂ ತಿಂಗಳುಗಟ್ಟಲೆ ಹೋಗುವುದಿಲ್ಲ. ಆದ್ದರಿಂದ ಇಲಿಗೆ ಇಡುವುದನ್ನು "ಅದು" ಅನ್ನುತ್ತಿದ್ದೆವು. ಪೈರಿಗೆ ಹೊಡೆಯುವುದನ್ನು "ಔಷಧಿ" ಅನ್ನುತ್ತಿದ್ದೆವು. ಅದನ್ನೇ ಕುಡಿದು ಸತ್ತವರ ಬಗ್ಗೆಯೂ "ಪಾಪ, ಔಷಧಿ ಕುಡಿದುಬಿಟ್ಟ" ಎಂದೇ ಮಾತಾಡಿಕೊಳ್ಳುತ್ತಿದ್ದೆವು. ಅದರಲ್ಲಿ ಏನೋ ತಪ್ಪಿದೆ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ನನ್ನ ಓರಗಿತ್ತಿ ಹೊಂಬಾಳಮ್ಮ ಊರಿಗೆಲ್ಲ ಹೆಸರು ಕೂಗುವವಳು. ಮದುವೆಯಿರಲಿ, ಬೀಗರೂಟವಿರಲಿ, ಪಂಕ್ತಿಯ ತುದಿಯಲ್ಲಿ ಸೆರಗು ಸಿಕ್ಕಿಸಿ ನಿಂತು, ಬಡಿಸುತ್ತಿರುವ ಪದಾರ್ಥದ ಹೆಸರನ್ನು ಕೂಗುವುದು ಅವಳ ಕೆಲಸ. ಅವಳು "ತುಪ್ಪ" ಅಂದರೆ ಕಡಲೆಕಾಯಿ ಎಣ್ಣೆ ಬಿದ್ದ ಅನ್ನವೂ ಘಮಘಮ ಅನ್ನುತ್ತಿತ್ತು. ಭಾವನವರು ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಳು. ನನ್ನ ಗಂಡ ಲಾರಿ ಓಡಿಸುತ್ತಾ ಊರೂರು ತಿರುಗುವವರು, ಮನೆಯಲ್ಲಿ ಅಕ್ಕ, ನಾನು, ನನ್ನ ಮಗಳು ಪಾರಿ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಅಕ್ಕ ಮೆತ್ತಗಿನ ಹೆಂಗಸಾಗಿರಲಿಲ್ಲ. ಚೌಕಾಬಾರದಲ್ಲಿ ಸೋತರೂ ಕವಡೆ ಸರಿಯಾಗಿ ಬಿದ್ದಿಲ್ಲವೆಂದು ವಾದಿಸುವಳು. ತಪ್ಪಾಯಿತು ಅನ್ನುವ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

ಊರಿನ ಮೇಲುಗಡೆ, ದೊಡ್ಡಕೆರೆಗೆ ನೀರು ಹರಿದುಬರುವ ಕಾಲುವೆಯ ಪಕ್ಕ, ಪಾತ್ರೆಗಳಿಗೆ ಹೊಳಪು ಹಾಕುವ ಕಾರ್ಖಾನೆ ಬಂತು. ಮಾಲೀಕರು ಎಲ್ಲಿಯವರೋ ಏನೋ. ಮ್ಯಾನೇಜರು ಮಾತ್ರ ನಮ್ಮೂರಿನವನೇ, ಮೂಲೆಮನೆಯ ಶಿವನಂಜಯ್ಯ. ಊರಿನ ಎಷ್ಟೋ ಗಂಡಸರಿಗೆ ಅಲ್ಲಿ ಕೆಲಸ ಸಿಕ್ಕಿತು. ಹೊಳೆಯುವ ತಟ್ಟೆ, ಲೋಟಗಳು ಎಲ್ಲರ ಮನೆಗೂ ಬಂದವು. ಸ್ವಲ್ಪ ಕಾಲದಲ್ಲೇ ಕೆರೆಯ ನೀರು ತುಕ್ಕು ನೆಕ್ಕಿದ ಹಾಗೆ ರುಚಿಸತೊಡಗಿತು. ನೋಡಲು ತಿಳಿಯಾಗಿಯೇ ಇತ್ತು. ಜನ ಗೊಣಗಿದಾಗ ಶಿವನಂಜಯ್ಯ ನಮ್ಮ ಮನೆಯ ಜಗಲಿಗೆ ಬಂದು ಕೂತ.

"ಹೊಂಬಾಳಕ್ಕ, ನೀನು ಬಂದು ಕೆರೆ ಮೆಟ್ಟಲ ಮೇಲೆ ನಿಂತು ಒಂದು ಹೆಸರು ಕೂಗಬೇಕು. ಎಳನೀರು ಅಂತ. ನೀನು ಕೂಗಿದ್ರೆ ಜನ ನಂಬ್ತಾರೆ."

"ಯಾಕಪ್ಪ, ನೀರಿಗೆ ನೀರು ಅನ್ನೋ ಹೆಸರು ಸಾಲದಾ?" ಎಂದಳು ಅಕ್ಕ.

"ಜನಕ್ಕೆ ರುಚಿ ಹತ್ತುತಾ ಇಲ್ಲ."

"ಹತ್ತದೇ ಇರೋದಕ್ಕೆ ಏನೋ ಕಾರಣ ಇರ್ತದೆ. ಅದನ್ನ ನೋಡು ಹೋಗು. ಹುಳ ಬಿದ್ದ ಅನ್ನಕ್ಕೆ ನಾನು ಕೇಸರಿಬಾತ್ ಅಂತ ಕೂಗೋಳಲ್ಲ."

ಅವನು ನಗುತ್ತಲೇ ಎದ್ದುಹೋದ. ಮಾರನೆಯ ದಿನದಿಂದ ಆಟೋಗೆ ಮೈಕು ಕಟ್ಟಿಕೊಂಡು ಕೇರಿಕೇರಿಯಲ್ಲೂ ಕೂಗಿಸತೊಡಗಿದ. "ದೊಡ್ಡಕೆರೆಯ ಎಳನೀರು, ತಣ್ಣನೆಯ ಎಳನೀರು." ಮೊದಲು ಜನ ನಕ್ಕರು. ಆಮೇಲೆ ಮಕ್ಕಳು ಕೂಗಿದರು. ಆಮೇಲೆ ನೀರು ಸೇದುವ ಹೆಂಗಸರೇ "ಎಳನೀರಿಗೆ ಹೋಗಿಬರ್ತೀನಿ" ಅನ್ನತೊಡಗಿದರು. ಊರು ಹೂಂಗುಟ್ಟಿತು. ನೀರು ಎಳನೀರಾಯಿತು. ಎಂಥ ಸಿಹಿ ಅಂತೀರಿ! ಊಟ ಬಿಟ್ಟು ಬರೀ ನೀರು ಕುಡಿಯುವವರಾದರು. ನಾನೂ ಕುಡಿದೆ. ಪಾರಿಯಂತೂ ಚೊಂಬುಗಟ್ಟಲೆ ಕುಡಿಯುವಳು.

ನಮ್ಮ ಎಮ್ಮೆ ಕುಡಿಯಲಿಲ್ಲ. ಬಾನಿಗೆ ಮೂತಿ ತಂದು, ಉಸಿರು ಬಿಟ್ಟು, ಮುಖ ತಿರುಗಿಸಿಕೊಂಡು ನಿಂತಿತು. ಬಾಯಾರಿ ನಾಲಿಗೆ ಹೊರಬಿದ್ದರೂ ಮುಟ್ಟಲಿಲ್ಲ. ಹಗ್ಗ ಬಿಚ್ಚಿದರೆ ತಾನೇ ದಾರಿ ಹುಡುಕಿಕೊಂಡು ಬಂಡೆಯಾಚೆಯ ಒರತೆಗೆ ಹೋಗಿ ಕುಡಿದುಬಂತು. ಅಕ್ಕ ಇದನ್ನು ಪಕ್ಕದ ಮನೆಯ ಕಾಳಮ್ಮನಿಗೆ ಹೇಳಿದರೆ ಕಾಳಮ್ಮ, "ಎಮ್ಮೆಗೇನು ಗೊತ್ತು ಹೊಂಬಾಳ, ಎಳನೀರಿನ ರುಚಿ?" ಎಂದು ನಕ್ಕಳು.

"ಅದಕ್ಕೆ ಎಳನೀರು ಅನ್ನೋ ಮಾತೇ ಗೊತ್ತಿಲ್ಲ ಕಾಳಿ. ಅದಕ್ಕೇ ನಂಗೆ ಹೆದರಿಕೆ," ಎಂದಳು ಅಕ್ಕ.

ಅಷ್ಟರಲ್ಲಿ ಪಾರಿಯ ಅಂಗೈ ಸುಲಿಯತೊಡಗಿತ್ತು. ಉಗುರಿನ ಬುಡ ಕಪ್ಪಾಯಿತು. ಒಂದು ಬೆಳಗ್ಗೆ ಅವಳು ಹಾಸಿಗೆಯಿಂದ ಎದ್ದವಳು ನಿಲ್ಲಲಾರದೆ ಗೋಡೆ ಹಿಡಿದು ಕುಸಿದಳು. "ಅಮ್ಮ, ಕಾಲು ನಂದಲ್ಲ ಅನ್ನಿಸ್ತದೆ," ಅಂದಳು. ಡಾಕ್ಟರು ಕಣ್ಣು, ನಾಲಿಗೆ ನೋಡಿ, ಆಗದ್ದು ಏನೋ ಹೊಟ್ಟೆಗೆ ಸೇರಿದೆ, ಬಹಳ ಮಕ್ಕಳಿಗೆ ಹೀಗಾಗುತ್ತಿದೆ, ಬಿಸಿಲು ಜಾಸ್ತಿ, ಚೆನ್ನಾಗಿ ಎಳನೀರು ಕುಡಿಸಿ ಎಂದರು. ಅವರು ಯಾವ ಎಳನೀರಿನ ಮಾತು ಆಡಿದರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಅಕ್ಕ ಪಾರಿಯನ್ನು ಬೆನ್ನ ಮೇಲೆ ಹೊತ್ತು ಮನೆಗೆ ತಂದು ಮಲಗಿಸಿದಳು. ಮುಖ ತೊಳೆದುಕೊಂಡಳು. ಸೆರಗು ಸಿಕ್ಕಿಸಿದಳು. ಪಂಕ್ತಿಗೆ ಹೋಗುವಾಗ ಹಾಗೆ ಸಿಕ್ಕಿಸುತ್ತಿದ್ದಳು. ಆಮೇಲೆ ನೆಟ್ಟಗೆ ಕೆರೆಗೆ ನಡೆದಳು. ನಾನು ಹಿಂದೆ ಓಡಿದೆ. ಮೆಟ್ಟಿಲ ತುಂಬ ಹೆಂಗಸರು ಕೊಡ ತುಂಬಿಸುತ್ತಿದ್ದರು. ಅಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತು, ಒಂದೊಂದು ಕೊಡಕ್ಕೂ ಬೆರಳು ತೋರಿಸಿ, ಊರಿಗೆಲ್ಲ ಕೇಳುವ ದನಿಯಲ್ಲಿ ಕೂಗಿದಳು.

"ನಂಜು!"

ಕೊಡಗಳು ಕಹಿಯಾದವು. ಬಾಯಿಗೆ ಹಾಕಿಕೊಂಡವರು ಥೂ ಎಂದು ಉಗಿದರು. ಮಗುವಿಗೆ ಕುಡಿಸುತ್ತಿದ್ದವಳ ಕೈಯಿಂದ ಮಗು ಕಿರುಚಿಕೊಂಡು ಜಾರಿತು. ಹೆಂಗಸರು ಮೇಲೆ ಬಿದ್ದು ಅಕ್ಕನ ಜುಟ್ಟು ಹಿಡಿದರು. ಕೊಡಪಾನದ ಏಟು ನನಗೂ ಬಿತ್ತು. ಇಬ್ಬರೂ ಹರಿದ ಸೀರೆಯಲ್ಲಿ ಮನೆ ಸೇರಿದೆವು. ಬಾಗಿಲು ಹಾಕಿಕೊಂಡ ಮೇಲೆ ನಾನು ಅಳುತ್ತಾ, "ಆ ಮಾತನ್ನ ಯಾಕಕ್ಕ ಆಡಿದೆ? ಬೇರೆ ಯಾವುದಾದ್ರೂ ಅಂದಿದ್ರೆ ಆಗ್ತಿರಲಿಲ್ವಾ?" ಎಂದೆ.

"ಬೇರೆ ಯಾವ ಮಾತೈತೆ ಮಾದೇವಿ? ಆಗದ್ದು, ಅದು, ಇದು, ಔಷಧಿ! ಮಗು ಕಾಲು ಬಿದ್ದುಹೋಗೋ ಹೊತ್ನಾಗೂ ನಯವಾಗಿ ಮಾತಾಡ್ಬೇಕಾ ನಾನು?" ಎಂದು ಅಕ್ಕ ತುಟಿಯ ರಕ್ತ ಒರೆಸಿಕೊಂಡಳು.

ಪುರಸಭೆಯ ಅಂಗಳದಲ್ಲಿ ಜನ ಸೇರಿದರು. ಅಧ್ಯಕ್ಷರು ಮೇಜಿನ ಹಿಂದೆ ಕೂತಿದ್ದರು. ಅಕ್ಕನನ್ನು ನಿಲ್ಲಿಸಿ ಕೇಳಿದರು. ಅವಳು ಆಡಿದ ಮಾತಿನ ಅರ್ಥವೇನು, ಅದನ್ನು ಕೆರೆಗೆ ಅನ್ನಬಹುದೇ ಎಂಬುದೇ ಅವತ್ತಿನ ವಿಚಾರಣೆ. ಅರ್ಥ ಹೇಳುವುದಕ್ಕೆ ಕನ್ನಡ ಕಲಿಸುತ್ತಿದ್ದ ಅಶ್ವತ್ಥಯ್ಯ ಮೇಷ್ಟ್ರನ್ನು ಕರೆಸಿದ್ದರು. ಮೇಷ್ಟ್ರು ಶಾಲು ಹೊದ್ದು ಎದ್ದುನಿಂತರು.

"ನಂಜು ಅನ್ನೋದು ನಮ್ಮ ನೆಲದ ಮಾತು. ವಿಷ ಅನ್ನೋದು ಸಂಸ್ಕೃತದಿಂದ ಬಂದದ್ದು, ಗರಳವೂ ಹಾಗೇ. ನಂಜು ಹಾಗಲ್ಲ. ತಮಿಳಿನವರೂ ಇದನ್ನೇ ಅಂತಾರೆ, ಮಲಯಾಳದವರೂ ಇದನ್ನೇ ಅಂತಾರೆ. ಈ ಭಾಷೆಗಳೆಲ್ಲ ಬೇರೆ ಬೇರೆ ಆಗೋಕೆ ಮುಂಚಿನಿಂದ ಇದ್ದ ಮಾತು. ಮೈಯೊಳಕ್ಕೆ ಸೇರಿ ಮೈಯನ್ನ ಕೆಡಿಸೋದು ಯಾವುದೋ ಅದು ನಂಜು."

"ಉಪ್ಪಿನಕಾಯಿ ನಂಜಿಕೊಳ್ಳೋದು ಅಂತೀವಲ್ಲ ಮೇಷ್ಟ್ರೇ, ಅದೂ ನಂಜೇನಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಜನ ನಕ್ಕರು.

"ಕೇಳೋಕೆ ಹಂಗೇ ಇರ್ತದಪ್ಪ, ಅದು ಬೇರೆ ಮಾತು," ಎಂದರು ಮೇಷ್ಟ್ರು.

ಶಿವನಂಜಯ್ಯ ಎದ್ದ. ಅವನು ಕೆಟ್ಟವನಲ್ಲ. ನಮ್ಮ ಭಾವನವರ ಹೆಣಕ್ಕೆ ಹೆಗಲು ಕೊಟ್ಟವನು. "ಮೇಷ್ಟ್ರೇ, ಗಾಯ ಕೀವಾದ್ರೆ ನಂಜಾಯ್ತು ಅಂತೀವಿ. ಬಾಣಂತಿಗೆ ಬದನೆಕಾಯಿ ಕೊಡಬ್ಯಾಡಿ, ನಂಜು ಅಂತ ಅಡಿಗೆಮನೆ ಆಚೆ ನಿಂತು ಅಂತೀವಿ. ಹಗೆ ಸಾಧಿಸೋನನ್ನ ನಂಜು ಕಾರ್ತಾನೆ ಅಂತೀವಿ. ಹೌದೋ ಅಲ್ವೋ?"

"ಹೌದು."

"ಹಂಗಾದ್ರೆ ಬದನೆಕಾಯೂ ನಂಜು, ಬಾಯಿ ಮಾತೂ ನಂಜು. ಈ ಮಾತಿಗೆ ಒಂದು ಗಟ್ಟಿ ಅರ್ಥ ಎಲ್ಲೈತೆ? ಹೊಂಬಾಳಕ್ಕನಿಗೆ ಕಾರ್ಖಾನೆ ಕಂಡ್ರೆ ಆಗಲ್ಲ, ಅದ್ಕೆ ಅಂದ್ಲು, ಅಷ್ಟೇ. ಇನ್ನೂ ಒಂದು ಕೇಳಿ. ನನ್ನ ಹೆಸರಲ್ಲೇ ನಂಜು ಐತೆ. ಶಿವನಂಜಯ್ಯ ಅಂತ ಕರೆದ್ರೆ ಯಾರ ಬಾಯಾದ್ರೂ ಕಹಿಯಾಗೈತಾ? ದೇವರೇ ಕುಡಿದಿದ್ದಕ್ಕೆ ನಾವು ಯಾಕೆ ಹೆದರಬೇಕು?"

ಜನ ಚಪ್ಪಾಳೆ ತಟ್ಟಿದರು. ಅಕ್ಕ ಚಪ್ಪಾಳೆ ಮುಗಿಯುವ ತನಕ ಕಾದಳು.

"ದೇವರು ಅದನ್ನ ಎಳನೀರು ಅಂದ್ಕೊಂಡು ಕುಡೀಲಿಲ್ಲ ಶಿವನಂಜಯ್ಯ. ನಂಜು ಅಂತ ಗೊತ್ತಿದ್ದೇ ಕುಡಿದ. ಗೊತ್ತಿದ್ದಕ್ಕೇ ಗಂಟಲಲ್ಲಿ ನಿಲ್ಲಿಸಿದ. ಯಾರಾದ್ರೂ ಅವನಿಗೆ ಎಳನೀರು ಅಂತ ಹೇಳಿ ಕೊಟ್ಟಿದ್ರೆ ಹೊಟ್ಟೆಗೆ ಇಳಿಸ್ಬಿಡ್ತಿದ್ದ."

ಮೇಷ್ಟ್ರು ತಲೆ ತಗ್ಗಿಸಿ ಶಾಲಿನ ಅಂಚು ನೋಡಿಕೊಂಡರು. ಆದರೆ ಅಧ್ಯಕ್ಷರು ಜಾಣರು. "ಅಲ್ಲಮ್ಮ, ನೀನು ನಂಜು ಅಂದೆ, ಕೊಡ ಕಹಿ ಆಯ್ತು. ಜೇನು ಅಂದಿದ್ರೆ ಜೇನಾಗ್ತಿತ್ತು. ನೀನು ಅಂದದ್ದಕ್ಕೆ ಕಹಿ ಆಯ್ತೋ, ಕಹಿ ಇದ್ದದ್ದಕ್ಕೆ ನೀನು ಅಂದ್ಯೋ? ಇದಕ್ಕೆ ಏನು ಸಾಕ್ಷಿ?" ಎಂದರು.

ಅಕ್ಕ ಬಾಯಿ ತೆರೆದಳು, ಮಾತು ಬರಲಿಲ್ಲ. ಯಾವ ಜಗಳದಲ್ಲೂ ಅವಳು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಶಿವನಂಜಯ್ಯ ಆಗಷ್ಟೇ ಒಳಗಿನಿಂದ ತರಿಸಿದ ಹೂಜಿಯಿಂದ ಲೋಟ ತುಂಬಿ ಗಟಗಟ ಕುಡಿದ. ನಾಟಕಕ್ಕಲ್ಲ, ಅವನಿಗೆ ನಿಜವಾಗಿಯೂ ಬಾಯಾರಿತ್ತು. ಅವನ ಮನೆಯಲ್ಲೂ ಅದೇ ನೀರು. ಅವನ ಹೆಂಡತಿ ಪ್ರಭಾವತಿ ಬಸುರಿ, ಅವಳೂ ಅದನ್ನೇ ಕುಡಿಯುತ್ತಿದ್ದಳು.

ತೀರ್ಮಾನವಾಯಿತು. ಹೊಂಬಾಳಮ್ಮ ಕೆರೆಯ ಮೆಟ್ಟಿಲ ಮೇಲೆ ಬಾಯಿ ತೆರೆಯಬಾರದು. ಆಡಿದ ಮಾತನ್ನು ಎಲ್ಲರೆದುರು ವಾಪಸು ತೆಗೆದುಕೊಳ್ಳುವ ತನಕ ಅವಳ ಮನೆಯವರ ಜೊತೆ ಯಾರೂ ಮಾತಾಡಬಾರದು. ಅಕ್ಕ ಅಲ್ಲಿಂದ ಹೊರಡುವಾಗ ತಿರುಗಿ ನಿಂತು, "ತಗೊಳ್ಳೋದಿಲ್ಲ," ಅಂದಳು. ಅಷ್ಟೇ ಅಂದಳು.

ಮಾತನ್ನೇ ಉಂಡು ಬದುಕುವ ಊರಿನಲ್ಲಿ ಮಾತು ಬಿಡಿಸುವುದು ಎಂಥ ಶಿಕ್ಷೆ ಎಂದು ಆಗ ತಿಳಿಯಿತು. ಅಂಗಡಿಯವನು ಸಾಮಾನನ್ನು ಸುಮ್ಮನೆ ಮುಂದಕ್ಕೆ ತಳ್ಳುವನು. ಕಾಳಮ್ಮ ಗೋಡೆಯಾಚೆ ನಮ್ಮನ್ನು ಕಂಡರೆ ಒಳಗೆ ಹೋಗುವಳು. ಪಂಕ್ತಿಗೆ ಅಕ್ಕನನ್ನು ಯಾರೂ ಕರೆಯಲಿಲ್ಲ. ಮೈಕಿನ ಆಟೋ ಕೂಡ ನಮ್ಮ ಸಂದಿಗೆ ತಿರುಗುತ್ತಿರಲಿಲ್ಲ. ಅಕ್ಕ ಮನೆಯೊಳಗೂ ಮಾತು ಬಿಟ್ಟಳು. ಸಿಟ್ಟೋ, ಸೋಲೋ, ಯೋಚನೆಯೋ, ನನಗೆ ತಿಳಿಯದು. ದಿನಾ ಎಮ್ಮೆಯ ಹಿಂದೆ ಬಂಡೆಯಾಚೆಗೆ ನಡೆದು ಒರತೆಯ ನೀರು ಹೊತ್ತು ತರುವಳು, ಪಾರಿಯ ಕಾಲು ನೀವುವಳು, ಗೋಡೆಗೆ ಒರಗಿ ಕೂರುವಳು. ನಾನೂ ಸುಮ್ಮನಾದೆ. ಪಾರಿ ಮಲಗಿಯೇ ಇರುತ್ತಿದ್ದಳು. ಗಂಜಿಗೆ ಗಂಜಿ ಅನ್ನುವವರೂ ಇರಲಿಲ್ಲ. ತಿಂದದ್ದೆಲ್ಲ ಏನೋ ಹೊಸದರಂತೆ, ಸಪ್ಪೆಯಾಗಿ, ಆದರೆ ತನ್ನಂತೆ ತಾನು ರುಚಿಸುತ್ತಿತ್ತು. ಅದನ್ನು ನಾನು ಗಮನಿಸಿದರೂ ಅದರ ಅರ್ಥ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಒಲೆ ಸಾರಿಸಿ ಬಾಯಾರಿತ್ತು. ಹಿತ್ತಿಲ ಬಾಗಿಲ ಬಳಿ, ನೆಲ ಒರೆಸಲೆಂದು ಹಿಂದೆ ತಂದಿಟ್ಟಿದ್ದ ಕೆರೆ ನೀರಿನ ಕೊಡ ಇತ್ತು. ಒರತೆಯದೆಂದುಕೊಂಡು ಲೋಟ ಅದ್ದಿ ಬಾಯಿಗೆ ಸುರಿದುಕೊಂಡೆ. ತಗಡು ಕಚ್ಚಿದ ಹಾಗಾಯಿತು. ಅದರ ಹಿಂದೆಯೇ ಸುಟ್ಟ ಸುಣ್ಣದಂಥ ಖಾರ, ಆಮೇಲೆ ನಾಲಿಗೆಯ ತುದಿಯಿಂದ ಬುಡದತನಕ ಜೋಮು. ಉಗಿದು, ಬಾಯಿ ತೊಳೆದು, ಸಿಟ್ಟಿನಿಂದ ಒಳಗೆ ಬಂದೆ.

"ಅಕ್ಕ, ಮನೆ ಕೊಡಕ್ಕೂ ನಂಜು ಅಂದ್ಯಾ?"

ಅಕ್ಕ ಗೋಡೆ ಬಿಟ್ಟು ನೆಟ್ಟಗೆ ಕೂತಳು. ಬಹಳ ದಿನದ ಮೇಲೆ ಆಡಿದ ದನಿ ಒಡೆದಿತ್ತು. "ನಾನು ಏನೂ ಅಂದಿಲ್ಲ ಮಾದೇವಿ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಎದ್ದುಬಂದು ಅದೇ ಕೊಡಕ್ಕೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಕಿವುಚಿಕೊಂಡಿತು, ಆಮೇಲೆ ನಿಧಾನಕ್ಕೆ ನಗು ಹರಡಿತು. "ಯಾರೂ ಏನೂ ಅನ್ನಲಿಲ್ಲ. ಎಳನೀರು ಅಂತ ಅನ್ನೋರು ಈ ಮನೇಲಿ ಯಾರೂ ಇರಲಿಲ್ಲ. ಹೆಸರು ಮಾಸಿಹೋಯ್ತು. ಇದು ಅದರದ್ದೇ ರುಚಿ. ಸಾಕ್ಷಿ ಕೇಳಿದ್ನಲ್ಲ ಅಧ್ಯಕ್ಷ! ಮಾತಾಡೋದೇ ಬ್ಯಾಡವಾಗಿತ್ತು ಕಣೆ. ಸುಮ್ಮನಿದ್ರೆ ಸಾಕಿತ್ತು." ಹಾಗೆ ಅಂದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವಳು ಜನ್ಮದಲ್ಲಿ ಬಾಯಿ ಮುಚ್ಚಿಕೊಂಡು ಯಾವ ಜಗಳವನ್ನೂ ಗೆದ್ದವಳಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

ಮಾರನೆಯ ದಿನ ಅಕ್ಕ ಖಾಲಿ ಕೊಡ ಹಿಡಿದು ಕೆರೆಗೆ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂತಳು. ಬಾಯಿ ತೆರೆಯಬಾರದು ಅಂದಿದ್ದರು, ತೆರೆಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಇಳಿದು ಹತ್ತಿ ಹೋದರು. ಪ್ರತಿಯೊಬ್ಬಳ ಕೊಡವನ್ನೂ ಅವಳು ಸುಮ್ಮನೆ ನೋಡಿದಳು. ಯಾರಿಗೂ ಎಳನೀರು ಅನ್ನುವ ಧೈರ್ಯ ಬರಲಿಲ್ಲ. ದಿನಾ ಹೋಗಿ ಕೂತಳು. ಕೊನೆಗೆ ಒಂದು ದಿನ ಕಾಳಮ್ಮ ಹಿತ್ತಿಲ ಬೇಲಿ ದಾಟಿ ನಮ್ಮ ಮನೆಗೆ ಬಂದಳು. ಅವಳ ಮೊಮ್ಮಗನೂ ಕೈ ನಡುಗಿ ಬಳಪ ಹಿಡಿಯಲಾರದವನಾಗಿದ್ದ. "ಹೊಂಬಾಳ, ನಿನ್ನ ಎಮ್ಮೆ..." ಎಂದು ಶುರುಮಾಡಿದಳು. ಅಕ್ಕ ಅವಳ ತುಟಿಯ ಮೇಲೆ ಬೆರಳಿಟ್ಟಳು. ಕೈ ಹಿಡಿದು ನಡುಮನೆಗೆ ಕರೆತಂದು, ಅವಳೇ ತಂದಿದ್ದ ಕೆರೆ ನೀರಿನ ಚೊಂಬನ್ನು ಮಧ್ಯದಲ್ಲಿ ಇಟ್ಟು, ಕೂರಿಸಿದಳು. ನಾವು ಮೂವರೂ ಚೊಂಬಿನ ಸುತ್ತ ಮಾತಿಲ್ಲದೆ ಕೂತೆವು. ಕಾಳಮ್ಮ ಮೊದಲು ಚಡಪಡಿಸಿದಳು. ಊರಿನ ಹೆಂಗಸಿಗೆ ಸುಮ್ಮನಿರುವುದು ಅಷ್ಟು ಸುಲಭವಲ್ಲ. ಬಿಸಿಲು ಹೊಸ್ತಿಲು ದಾಟಿ ಹೋಯಿತು. ಆಮೇಲೆ ಅಕ್ಕ ಲೋಟಕ್ಕೆ ಒಂದು ಗುಟುಕು ಬಗ್ಗಿಸಿ ಕೊಟ್ಟಳು.

ಕಾಳಮ್ಮ ಉಗಿದಳು. ಮತ್ತೆ ಬಾಯಿ ತೊಳೆದು, ನಂಬಲಾರದೆ, ಮತ್ತೆ ಬೆರಳು ಅದ್ದಿ ನೆಕ್ಕಿ ಉಗಿದಳು. ಆಮೇಲೆ ಎದೆ ಬಡಿದುಕೊಂಡು ಅತ್ತಳು. "ನನ್ನ ಕೈಯಾರೆ ಕುಡಿಸಿದೆನಲ್ಲ. ಇನ್ನಷ್ಟು ಕುಡಿ ಮಗಾ ಅಂತ ಕುಡಿಸಿದೆನಲ್ಲ." ಅಕ್ಕ ಅವಳನ್ನು ತಬ್ಬಿಕೊಂಡಳು.

ಮಾರನೆಯ ಮಧ್ಯಾಹ್ನ ಕಾಳಮ್ಮ ತನ್ನ ಜೊತೆ ಸೊಸೆಯನ್ನೂ ಸೊಸೆಯ ತಾಯಿಯನ್ನೂ ಕರೆತಂದಳು. ಆಮೇಲೆ ಆಚೆಬೀದಿಯವರು ಬಂದರು. ಒಬ್ಬೊಬ್ಬರೂ ತಂತಮ್ಮ ಮನೆಯ ಚೊಂಬು ತರುವರು, ಸುತ್ತ ಕೂರುವರು. ಹೊರಗೆ ಮಕ್ಕಳು ಇದು ಯಾವುದೋ ಹೊಸ ವ್ರತವೆಂದುಕೊಂಡು ಹಣ್ಣುಕಾಯಿಗೆ ಕಾದರು. ಒಳಗೆ ಅಷ್ಟು ಜನ ಹೆಂಗಸರಿದ್ದರೂ ಬಳೆ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಆಮೇಲೆ ಎಲ್ಲರೂ ಹಿತ್ತಿಲಿಗೆ ಓಡಿ ಉಗಿಯುವರು. ಊರಿನ ಗಂಡಸರಿಗೆ ದಿಗಿಲಾಯಿತು. ಹೆಂಗಸರು ಜಗಳ ಆಡಿದರೆ ಸಮಾಧಾನ ಹೇಳಬಹುದು, ಅತ್ತರೆ ಗದರಬಹುದು, ಸುಮ್ಮನೆ ಬಡಿಸಿ ಸುಮ್ಮನೆ ಕೂತರೆ ಏನು ಮಾಡುವುದು? ಯಾರೂ ಹೆಸರು ಹೇಳದ ಊಟ ತಟ್ಟೆಯಲ್ಲಿ ಬರೀ ರಾಗಿ, ಬರೀ ಸೊಪ್ಪು, ಬರೀ ನೀರಾಗಿ ಇರುತ್ತಿತ್ತು. ಮೈಕಿನ ದನಿ ಜೋರು ಮಾಡಿಸಿದರು. ಹೆಂಗಸರು ಕಿಟಕಿ ಮುಚ್ಚಿಕೊಂಡರು.

ಒಂದು ದಿನ ಪ್ರಭಾವತಿ ಬಂದಳು. ಮ್ಯಾನೇಜರ ಹೆಂಡತಿ, ತುಂಬಿದ ಬಸುರಿ, ಕೈಯಲ್ಲಿ ಮುಚ್ಚಳ ಹಾಕಿದ ಹೊಳೆಯುವ ತಂಬಿಗೆ. ಕೂತಿದ್ದವರೆಲ್ಲ ಅಕ್ಕನ ಮುಖ ನೋಡಿದರು. ಅಕ್ಕ ಸರಿದು ಪಕ್ಕದಲ್ಲಿ ಜಾಗ ಕೊಟ್ಟಳು. ಲೋಟ ಬಾಯಿಗಿಟ್ಟ ಮೇಲೆ ಪ್ರಭಾವತಿ ಉಳಿದವರಂತೆ ಹಿತ್ತಿಲಿಗೆ ಓಡಲಿಲ್ಲ. ಸೆರಗಿಗೆ ಉಗಿದು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು. ಆವತ್ತಿನಿಂದ ಅವಳೂ ಮನೆಯಲ್ಲಿ ಮಾತು ಬಿಟ್ಟಳಂತೆ. ಗಂಡ ಕೇಳಿದ, ಬೇಡಿಕೊಂಡ, ರೇಗಿದ. ಅವಳು ಅವನೆದುರು ತಂಬಿಗೆ ಇಟ್ಟು ಅವನ ಬಾಯಿಯ ಮೇಲೆ ಕೈಯಿಟ್ಟು ಕೂತಳಂತೆ. ಇದನ್ನು ಆಮೇಲೆ ಅವಳೇ ಹೇಳಿದ್ದು.

ಶಿವನಂಜಯ್ಯ ಕೆರೆಯ ಬಳಿ ಬಂದಾಗ ಬೆಳಗ್ಗಿನ ಹೊತ್ತು. ಮೆಟ್ಟಿಲ ತುಂಬ ಹೆಂಗಸರು ಖಾಲಿ ಕೊಡ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಯಾರೂ ನೀರಿಗೆ ಇಳಿದಿರಲಿಲ್ಲ. ಮೈಕಿನ ಹುಡುಗ ಒಂದೆರಡು ಸಲ ಕೂಗಿ, ಯಾರೂ ಹೂಂಗುಟ್ಟದ್ದನ್ನು ಕಂಡು, ತಾನೇ ನಾಚಿಕೊಂಡು ಆಫ್ ಮಾಡಿದ. ಶಿವನಂಜಯ್ಯನ ಮುಖ ಬಾಡಿತ್ತು. ಅವನು ರುಚಿ ನೋಡಿದ್ದ, ಅದು ಮುಖದಲ್ಲೇ ತಿಳಿಯುತ್ತಿತ್ತು.

"ಹೊಂಬಾಳಕ್ಕ, ನಂಗೂ ಗೊತ್ತಾಯ್ತು. ಆದ್ರೆ ಆ ಮಾತು ಆಡಬ್ಯಾಡ. ಆ ಮಾತು ಕೆರೆ ಮೇಲೆ ಬಿದ್ರೆ ಕಾರ್ಖಾನೆ ನಿಲ್ತದೆ, ಎಷ್ಟು ಮನೆ ಒಲೆ ಆರ್ತದೆ ನೋಡು. ಮಾಲೀಕರ ಹತ್ರ ಮಾತಾಡ್ತೀನಿ, ನಿಧಾನಕ್ಕೆ ಸರಿ ಮಾಡಿಸ್ತೀನಿ. ಅಲ್ಲೀತನಕ ಬೇರೆ ಹೆಸರು ಇಡೋಣ. ಔಷಧಿ ನೀರು ಅನ್ನೋಣ. ಯಾರೂ ಜಾಸ್ತಿ ಕುಡಿಯಲ್ಲ."

ಅಕ್ಕ ಎದ್ದುನಿಂತಳು. ಅವಳು ಏನೂ ಹೇಳುವ ಮುಂಚೆ ಪ್ರಭಾವತಿ ಹೆಂಗಸರ ನಡುವಿನಿಂದ ಮುಂದೆ ಬಂದು ಗಂಡನ ಎದುರು ನಿಂತಳು. "ನಿಮ್ಮ ಮಗೂಗೆ ಏನಂತ ಹೇಳಿ ಕುಡಿಸ್ಲಿ ರೀ? ಔಷಧಿ ಅಂತ್ಲಾ?" ಅಂದಳು.

ಅಕ್ಕ ಸೆರಗು ಸಿಕ್ಕಿಸಿ, ಪಂಕ್ತಿಯ ತುದಿಯಲ್ಲಿ ನಿಲ್ಲುವ ಹಾಗೆ ನಿಂತು, ಎದೆ ತುಂಬ ಉಸಿರು ತಗೊಂಡಳು. "ಬಾಯಿ ತೆರೆಯಬಾರದು ಅಂತ ಪುರಸಭೆ ಹೇಳೈತೆ. ತೆರೀತಾ ಇದ್ದೀನಿ. ಬೇಕಾದ್ದು ಮಾಡ್ಕೊಳ್ಳಿ." ಎಂದು ಕೆರೆಗೆ ಮುಖ ಮಾಡಿದಳು. "ನಂಜು!"

ಅವಳ ದನಿ ಇನ್ನೂ ನೀರಿನ ಮೇಲಿತ್ತು, ಕಾಳಮ್ಮ ಕೂಗಿದಳು. ನಾನು ಕೂಗಿದೆ. ಪ್ರಭಾವತಿ ಕೂಗಿದಳು. ಆ ಮಾತನ್ನು ಹುಟ್ಟಿದಾಗಿನಿಂದ ನೀರಿನ ಹತ್ತಿರ ಆಡದ ಹೆಂಗಸರೆಲ್ಲ ಅದನ್ನು ಕೂಗಿದರು. ಹೆರದವಳು, ಹೆತ್ತವಳು, ಹೆರಲಿರುವವಳು ಎಲ್ಲರೂ ಕೂಗಿದರು. ನನ್ನ ಬಾಯೇ ಕಹಿಯಾಯಿತು. ಆ ಕಹಿ ನನಗೆ ಹಿತವಾಗಿತ್ತು. ದಡದ ಗಂಡಸರಲ್ಲಿ ಕೆಲವರು ಎಳನೀರು ಎಳನೀರು ಎಂದು ಎದುರು ಕೂಗಿ ನೋಡಿದರು. ಅವರ ದನಿಯಲ್ಲಿ ಅನುಮಾನ ಸೇರಿತ್ತು, ಹೆಸರು ನಿಲ್ಲಲಿಲ್ಲ.

ಅಲ್ಲಿಂದ ನೆಟ್ಟಗೆ ಕಾಲುವೆಗೆ ನಡೆದೆವು. ಕಾರ್ಖಾನೆಯ ಕೊಳವೆ ಕಾಲುವೆಗೆ ಬೀಳುವ ಕಡೆ ಕಲ್ಲು, ಮಣ್ಣು, ಒಡೆದ ಕೊಡ, ಸಿಕ್ಕಿದ್ದನ್ನೆಲ್ಲ ಹಾಕಿ ಮುಚ್ಚಿದೆವು. ಅಕ್ಕ ಗುಂಡುಕಲ್ಲು ಉರುಳಿಸುವಾಗ ಕಾಲಿನ ಬೆರಳು ಜಜ್ಜಿಕೊಂಡಳು, ಬೈದುಕೊಳ್ಳುತ್ತಲೇ ಇನ್ನೊಂದು ಉರುಳಿಸಿದಳು. ಪೊಲೀಸರು ಬಂದರು, ಅವಳನ್ನು ಕರೆದುಕೊಂಡು ಹೋದರು, ವಾರದ ಮೇಲೆ ಬಿಟ್ಟರು. ಹೊಳಪಿನ ನೀರು ಹೋಗಲು ದಾರಿಯಿಲ್ಲದೆ ಕಾರ್ಖಾನೆಯ ಅಂಗಳದಲ್ಲೇ ನಿಂತಿತು. ಕಾರ್ಖಾನೆ ನಿಂತುಹೋಯಿತು. ಅದರ ನೋವೂ ನಮಗೆ ತಟ್ಟದೆ ಇರಲಿಲ್ಲ. ಎಷ್ಟೋ ಸಂಸಾರಗಳು ಊರು ಬಿಟ್ಟವು. ಹೋಗುವಾಗ ಕೆಲವರು ನಮ್ಮ ಬಾಗಿಲ ಮುಂದೆ ನಿಂತು ಅಕ್ಕನಿಗೆ ಶಾಪ ಹಾಕಿದರು. ಅವಳು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡಳು, ಒಂದೂ ಎದುರು ಮಾತಾಡಲಿಲ್ಲ. ಬಂಡೆಯಾಚೆಯ ಒರತೆಯನ್ನು ಎಲ್ಲರೂ ಸೇರಿ ಅಗಲ ಮಾಡಿದೆವು. ದೂರ ನಡೆಯಬೇಕು, ನಡೆಯುತ್ತೇವೆ. ಪಾರಿ ಎದ್ದು ಓಡಾಡುತ್ತಾಳೆ. ಎಡಗಾಲು ಎಳೆದು ಹಾಕುತ್ತಾಳೆ, ಅದು ಹಾಗೇ ಉಳಿಯಿತು. ಪ್ರಭಾವತಿಗೆ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿಯೇ ಬೆಳೆಯಿತು. ಶಿವನಂಜಯ್ಯ ಈಗ ಬಸ್ ಸ್ಟ್ಯಾಂಡಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ.

ಇಷ್ಟು ವರ್ಷಗಳಾದ ಮೇಲೆ ಮೊನ್ನೆ ಮಾಲೀಕರ ಕಡೆಯವನೊಬ್ಬ ಕಾರಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಕಾರ್ಖಾನೆ ಮತ್ತೆ ತೆರೆಯುತ್ತಾರಂತೆ, ನೀರು ಶುದ್ಧ ಮಾಡುವ ಯಂತ್ರ ಹಾಕಿಸುತ್ತಾರಂತೆ, ಊರಿನವರ ಒಪ್ಪಿಗೆ ಬೇಕಂತೆ. ಅಧ್ಯಕ್ಷರು ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗದೆ ಸೀದಾ ನಮ್ಮ ಜಗಲಿಗೇ ಕರೆತಂದರು. ಅಕ್ಕನಿಗೆ ಈಗ ಕಣ್ಣು ಮಂಜು, ಹಲ್ಲು ಹೋಗಿದೆ. ದನಿ ಮಾತ್ರ ಹಾಗೇ ಇದೆ. ಅವನು ಹೇಳಿದ್ದನ್ನೆಲ್ಲ ಎಲೆಯಡಿಕೆ ಕುಟ್ಟುತ್ತಾ ಕೇಳಿದಳು.

"ಯಂತ್ರದಿಂದ ಬರೋ ನೀರು ಬಹಳ ಚೆನ್ನಾಗಿರುತ್ತೆ ಅಜ್ಜಿ. ಅದಕ್ಕೆ ನಾವು ಒಂದು ಒಳ್ಳೆ ಹೆಸರೂ ಯೋಚನೆ ಮಾಡಿದ್ದೀವಿ," ಎಂದ ಅವನು.

ಅಕ್ಕ ಕುಟ್ಟುವುದನ್ನು ನಿಲ್ಲಿಸಿದಳು.

"ಹೆಸರು ನಿಮ್ಮ ಹತ್ರಾನೇ ಇರ್ಲಿ ಮಗಾ. ಯಂತ್ರ ಹಾಕಿ, ನೀರು ಬಿಡಿ, ಆಮೇಲೆ ಹೇಳಿ ಕಳಿಸಿ. ಹೆಂಗಸರೆಲ್ಲ ಬರ್ತೀವಿ. ಬಾಯಿ ಮುಚ್ಕೊಂಡು ಕೂತು, ಕುಡಿದು ನೋಡ್ತೀವಿ." ಅಡಿಕೆಯನ್ನು ಒಸಡಿಗೆ ಇಟ್ಟುಕೊಂಡಳು. "ಆಮೇಲೆ ಬಾಯಿ ತೆರೀತೀವಿ."